ಉಪ್ಪಿನ ಬಿಲ್ಲು

ವಾಸ್ಕೋ ಬಂದರದಾಗ ನಾ ಆಗ ಸಾಮಾನು ಹೊರತಿದ್ದೆ,
ಮಿನೆಝಿಸ್ ಸಾಯ್ಬನ ಲಾಂಚಿನ ಮ್ಯಾಲೆ:
ಉಳ್ಳಾಗಡ್ಡಿ, ಪಾವು, ಮೊಟ್ಟಿ, ಸಿಹಿನೀರಿನ ಪೀಪಾಯಿ.
ಹಡಗಿಗೆ ಏರಿಸೋದು, ಬಿಲ್ಲಿಗೆ ಸೈ ಹಾಕಿಸೋದು.
ಬಿಲ್ಲಿನ ತಲಿಮ್ಯಾಲೆ ಮೂರು ಸಾಲು:
ಹಡಗಿನ ಹೆಸರು, ಕಪ್ತಾನನ ಹೆಸರು, ದೇಶ.
ಅಷ್ಟ ನನ್ನ ಅಕ್ಷರಜ್ಞಾನ.

ತೊಂಬತ್ತೊಂದರ ಮಳಿ ಮುಗಿದಿತ್ತು.
ಕೆಂಪು ಅದಿರು ತುಂಬಾಕ ಒಂದು ಹಡಗ ಬಂತು,
ಬಂದದ್ದು ಬಂತು, ಹೋಗಲಿಲ್ಲ.
ರೊಕ್ಕ ಕಳಸೋ ಕಂಪನಿ ಅವರ ಊರಾಗ
ಎರಡು ಹೋಳಾಗೇತಿ ಅಂದ್ರು.
ಕಂಪನಿ ಅಲ್ಲೋ, ದೇಶ, ಅಂದ ರೇಡಿಯೋ ಹುಡುಗ.
ನಾ ನಕ್ಕೆ. ದೇಶ ಏನು ಕಲ್ಲಂಗಡಿ ಹಣ್ಣೇನು?

ಇಪ್ಪತ್ತೆರಡು ಮಂದಿ. ಒಂದ ಉದ್ದ ಮೇಜು.
ಮೊದಲ ವಾರ ಬುಟ್ಟಿ ನಡಕ ಇಟ್ಟು
ಪಾವು ಹರಕೊಂಡು ತಿಂದ್ರು.
ಇಂಜಿನ್ನಿನ ಮಿಲಾದಿನ್, ಅಡಗಿ ಮಾಡೋ ಜ್ವೊಂಕೊ,
ನಾ ಕೊಟ್ಟ ಒಂದ ಬೀಡಿ ಇಬ್ಬರೂ ಎಳದು ಕೆಮ್ಮಿದ್ರು.
ಬೈಗುಳ ಒಂದ, ಹಾಡು ಒಂದ, ಅವ್ವಗ ಅನ್ನೋ ಮಾತೂ ಒಂದ,
ನನ್ನ ಕಿವಿಗಂತೂ ಫರಕ ಸಿಗಲಿಲ್ಲ.

ಆಮ್ಯಾಲೆ ರೇಡಿಯೋದಾಗ ಒಂದು ಊರಿನ ಹೆಸರು ಬಂತು.
ನದಿ ದಂಡಿ ಊರು. ಜ್ವೊಂಕೊನ ತಂಗಿ ಇದ್ದ ಊರು.
ಅದರ ಮ್ಯಾಲೆ ತೋಪು ಹಾರಿಸಿದ ಪಲ್ಟನ್ನಿನಾಗ
ಮಿಲಾದಿನನ ತಮ್ಮ ಇದ್ದನೋ ಇಲ್ಲೋ
ಯಾರಿಗೂ ಗೊತ್ತಿರಲಿಲ್ಲ. ಕೇಳಲೂ ಇಲ್ಲ.
ಗೊತ್ತಿಲ್ಲದ್ದ ಸಾಕಾತು.

ಮರುದಿನ ಕಪ್ತಾನ ನೆಲ ನೋಡಕೋತ ಅಂದ:
ಫಕೀರ್, ಇನ್ನ ಮ್ಯಾಲೆ ಎರಡು ಬಿಲ್ಲು ಮಾಡು.
ಪಾವು ಬ್ಯಾರೆ. ಮೊಟ್ಟಿ ಬ್ಯಾರೆ.
ವಾರ ಕಳೀತು. ಮೂರು ಮಾಡು ಅಂದ.
ಎಣ್ಣಿ ಹಾಕೋ ಹಮ್ದಿಯಾ ಯಾರ ಕಡಿಗೂ ಕೂಡಲಾರದ
ಏಣಿ ಬುಡಕ ಒಬ್ಬನ ಕೂತು ಉಣ್ಣತಿದ್ದ.
ನಾ ಪ್ಯಾಟಿಯಾಗ ಒಂದ ಚೀಲದ ಉಪ್ಪು
ಮೂರು ಪೊಟ್ಟಣ ಕಟ್ಟಿಸಿದೆ, ಬಂಗಾರ ತೂಗಿಧಂಗ.
ಒಂದು ಚಟಾಕು ಹೆಚ್ಚುಕಡಿಮಿ ಆದ್ರ
ಅಲ್ಲೆ ಹೆಣ ಬೀಳತಿತ್ತು.

ಹೆಣ ಬೀಳಲಿಲ್ಲ. ಎರಡು ಬೆರಳು ಬಿದ್ದವು.
ಮೀನು ಕೊಯ್ಯೋ ಚಾಕು, ಜ್ವೊಂಕೊನ ಕೈ.
ಯಾರು ಅಂತ ಪೊಲೀಸರು ಕೇಳಿದ್ರ
ಇಪ್ಪತ್ತೊಂದು ಮಂದಿ ಒಂದ ಮಾತು: ನೋಡಿಲ್ಲ.
ಅವರು ಕೂಡಿ ಆಡಿದ ಕಡೀ ಮಾತು ಅದು.
ನನ್ನ ಲಾಂಚಿನಾಗ ಮಲಗಿಸಿ ಅವನ್ನ ದಂಡಿಗೆ ತಂದ್ವಿ.
ಮಿಲಾದಿನ್ ಮ್ಯಾಲೆ ಕಟಕಟಿ ಹಿಡದು ನಿಂತಿದ್ದ.
ಬಾಯಿ ತೆರದ. ಇಬ್ಬರಿಗೂ ತಿಳಿಯೋ ಆ ಭಾಷಾದಾಗ
ಏನೂ ಅನ್ನಲಿಲ್ಲ.

ಬ್ಯಾಸಗಿಗೆ ಬಂದರಿನ ಸಾಹೇಬ ಬಂದ:
ಬಾವುಟ ಇಲ್ಲದ ಹಡಗ ಬಿಡಾಂಗಿಲ್ಲ,
ಕಂಬದ ಮ್ಯಾಲಿನ ಬಾವುಟದ ದೇಶ ಈಗಿಲ್ಲ.
ಕಪ್ತಾನ ಅದನ್ನ ಇಳಿಸಿದ, ಮಡಚಿದ,
ಎಲ್ಲಿಡಬೇಕು ತಿಳೀಲಾರದ
ಬಗಲಾಗ ಇಟಕೊಂಡು ನಿಂತ, ನೆಗಡಿ ಆದ ಕೂಸಿನಂಗ.

ಆವತ್ತು ಸಂಜಿ ಬೈನಾದಾಗ ಮನಿಗೆ ಬಂದೆ.
ನಳದ ಸರತಿ. ನನ್ನ ಹೆಂಡತಿ ಕೊಡ ಯಾರೋ ಹೊರಗ ಎತ್ತಿ ಇಟ್ಟಿದ್ರು.
ಘಾಂಟಿ ಮಂದಿ ಆಮ್ಯಾಲೆ, ಅಂದಿದ್ಲು ಒಬ್ಬಾಕಿ.
ಹೊಸದೇನಲ್ಲ. ಅಪ್ಪ ಗದಗ ಬಿಟ್ಟು ಬಂದಾಗಿಂದ ಕೇಳೀನಿ.
ಓಣಿ ಹುಡುಗರು ಬಡಿಗಿ ತಂದಿದ್ರು, ನಮ್ಮವರು.
ದೊಡ್ಡವ ನಾನ, ಹೂಂ ಅಂದ್ರ ಸಾಕಿತ್ತು.
ಖರೇ ಹೇಳತೀನಿ, ಹೂಂ ಬಾಯಾಗ ಬಂದಿತ್ತು.

ಬೆರಳು ನೆನಪಾದವು.
ಐಸಿನ ಡಬ್ಬ್ಯಾಗ ಇಟ್ಟು ನಾನ ಒಯ್ದಿದ್ದೆ,
ತಡಾ ಆತು ಅಂದಿದ್ದ ಡಾಕ್ಟರು.
ಕೊಡ ತಗೊಂಡು ಸರತಿ ಕಡೀಗೆ ಹೋಗಿ ನಿಂತೆ.
ಹುಡುಗರು ನನ್ನ ಮಾರಿಗೆ ಉಗುಳಲಿಲ್ಲ, ಅಷ್ಟ.

ಹಡಗ ಗುಜರಿಗೆ ಹೋತು.
ಬಿಲ್ಲಿನ ರೊಕ್ಕ ಸಾಯ್ಬ ನನ್ನ ಪಗಾರದಾಗ ಹಿಡದ.
ಟ್ರಂಕಿನ ತಳದಾಗ ಮೂರೂ ಅದಾವು,
ಸೈ ಸರಿ, ತಾರೀಖು ಸರಿ,
ದೇಶದ ಸಾಲಿನ್ಯಾಗ ನನ್ನ ಸೊಟ್ಟ ಅಕ್ಷರದಾಗ
ಒಂದ ಹೆಸರು, ಮೂರು ಸಲ.
ಉಪ್ಪಿನ ಋಣ ಸುಮ್ಮನ ಹೋಗೂದಿಲ್ಲ ಅಂತಿದ್ಲು ನಮ್ಮವ್ವ.
ಉಪ್ಪು, ಹನ್ನೊಂದು ರೂಪಾಯಿ ಎಂಟಾಣೆ.
ಬಾಕಿ.