ಹಿಡಿತಗಾರ

ಹತ್ತೊಂಬತ್ತು ವರ್ಷ ಮೈಕು ಹಿಡಿದವ ನಾನು.
ಪಡುಕೆರೆಯಿಂದ ಸುರತ್ಕಲ್ಲಿನವರೆಗೆ
ಹೊನಲು ಬೆಳಕಿನ ಕಬಡ್ಡಿ ಎಲ್ಲಿ ಉಂಟೋ
ಅಲ್ಲಿ ನನ್ನ ಗಂಟಲು, ದವಡೆಯಲ್ಲಿ ಶುಂಠಿಯ ಚೂರು.
ದಾಳಿಗಾರ ಗೆರೆ ಮುಟ್ಟಿ ವಾಪಸು ಬಂದರೆ
ಅವನ ಹೆಸರನ್ನು ತೆಂಗಿನ ತುದಿಯವರೆಗೆ ಎಳೆಯುತ್ತಿದ್ದೆ.
ಹಿಡಿದವನಿಗೆ ಉಸಿರು ಉಳಿಯುತ್ತಿರಲಿಲ್ಲ.
ಔಟ್. ಒಂದು ಅಂಕ. ಅಷ್ಟೆ.

ಹಾಗೆ ನಾನು ನುಂಗಿದ ಹೆಸರು
ತಾರಾನಾಥ ತಿಂಗಳಾಯ, ಬಲ ಮೂಲೆ.
ಹೆಸರಲ್ಲಿ ನಕ್ಷತ್ರ, ಮನೆತನದಲ್ಲಿ ಚಂದ್ರ,
ಕಣ್ಣು ಮಾತ್ರ ಯಾವಾಗಲೂ ನೆಲದಲ್ಲಿ.
ಮುಖ ನೋಡಿದರೆ ಮೋಸ ಹೋಗುತ್ತೇವೆ ಮಾರಾಯ,
ಕಣ್ಣು ಸುಳ್ಳು ಹೇಳ್ತದೆ, ಭುಜ ಸುಳ್ಳು ಹೇಳ್ತದೆ,
ಪಾದಕ್ಕೆ ಸುಳ್ಳು ಬರುವುದಿಲ್ಲ, ಎನ್ನುತ್ತಿದ್ದ.

ಅಪ್ಪ ಕೈರಂಪಣಿ ಎಳೆದವರು.
ಮಲ್ಪೆಯ ಮರಳಲ್ಲಿ ನಲವತ್ತು ಹಿಮ್ಮಡಿ, ಒಂದು ಹಗ್ಗ,
ಬುಡೊಡ್ಚಿ, ಬುಡೊಡ್ಚಿ ಎಂಬ ಒಂದೇ ಕೂಗು.
ಮೀನು ಕಣ್ಣಿಗೆ ಬೀಳುವ ಎಷ್ಟೋ ಮೊದಲು
ಭಾರ ಕೈಗೆ ಬಂದು ಹೇಳುತ್ತದೆ.
ಇಷ್ಟೇ ಅವನ ಶಾಲೆ. ಉಳಿದದ್ದು
ಡ್ರಿಲ್ ಮಾಸ್ಟರು ಬೆತ್ತದಿಂದ ಎಳೆದ ಗೆರೆ.

ಮಂಗಳೂರಿನ ಬ್ಯಾಂಕೊಂದರ ತಂಡಕ್ಕೆ ಸೇರಿದ.
ಹಗಲು ಲೆಡ್ಜರು ಹೊತ್ತ, ಸಂಜೆ ನೆಹರೂ ಮೈದಾನ,
ರಾತ್ರಿ ಎರಡು ತಟ್ಟೆ ಗಂಜಿ, ಹುರಿದ ನಂಗ್.
ಕಾಯಂ ಆಗುವ ಕಾಗದ ಬರಬೇಕು,
ಅಷ್ಟರಲ್ಲಿ ಬ್ಯಾಂಕನ್ನೇ ಇನ್ನೊಂದು ಬ್ಯಾಂಕು ನುಂಗಿತು.
ಬೋರ್ಡಿನ ಬಣ್ಣ ಬದಲಾಯಿತು.
ಜೆರ್ಸಿ ಅವನಲ್ಲೇ ಉಳಿಯಿತು, ಈಗ ಸ್ಕೂಟರು ಒರೆಸಲಿಕ್ಕೆ.

ಲೀಗಿನ ಹರಾಜು ಟಿವಿಯಲ್ಲಿ.
ಬಂದರಿನಲ್ಲಿ ಬಂಗುಡೆ ಹರಾಜು ಮುಗಿಸಿ ಬಂದ ಅಮ್ಮ
ಬುಟ್ಟಿ ಇಳಿಸುತ್ತ ಕೇಳಿದರು:
ಎಷ್ಟಕ್ಕೆ ನಿಂತಿತು ಮಗಾ?
ಆರು ಲಕ್ಷ, ಎಂದ.
ಅಮ್ಮ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು.
ತಾಜಾ ಇರುವಾಗಲೇ ಹೋಯಿತಲ್ಲ, ಒಳ್ಳೆಯದಾಯಿತು.

ಮೊದಲ ಸೀಸನ್ ಪೂರ್ತಿ ಐಸಿನಲ್ಲೇ ಇಟ್ಟರು,
ಬೆಂಚಿನ ಕೊನೆಗೆ, ಟವೆಲು ಹೊದೆಸಿ.
ಎರಡನೆಯದರಲ್ಲಿ ಮೂವತ್ತೇಳು ಕಾಲು ಹಿಡಿದ.
ಮೂರನೆಯದು, ಪಾಟ್ನಾ, ಮೊದಲರ್ಧ:
ಮೂವರು ಮೇಲೆ ಬಿದ್ದರು, ಮಂಡಿಯೊಳಗೆ
ರಂಪಣಿಯ ಹಗ್ಗ ಕಡಿದ ಹಾಗೆ ಒಂದು ಸದ್ದು.
ಹೊರಗೆ ಯಾರಿಗೂ ಕೇಳಲಿಲ್ಲವಂತೆ.
ಅಲ್ಲೂ ಒಬ್ಬ ಇದ್ದ ನಿನ್ನ ಹಾಗೆ,
ಯಾರದೋ ಹೆಸರು ಎಳೆಯುತ್ತಿದ್ದ, ಎಂದು ನಕ್ಕ.
ನಾನು ಶುಂಠಿ ಜಗಿದೆ.

ಈಗ ಐಸ್ ಪ್ಲಾಂಟಿನಲ್ಲಿ ಮೇಸ್ತ್ರಿ.
ಹೆಬ್ಬೆರಳು ಮಡಚುವುದಿಲ್ಲ,
ಅಂಗಿಯ ಗುಂಡಿ ಹಾಕುವುದು ಮಗಳು.
ಮೊನ್ನೆ ತಂಗಿಯ ಮಗನ ಮದುವೆಗೆ ಐಸು ಹೇಳಲು ಹೋಗಿದ್ದೆ.
ಮಣಿಪಾಲದ ಹೋಟೆಲಿನ ಯಜಮಾನನೊಬ್ಬ ಬಂದಿದ್ದ,
ಹೊಟ್ಟೆ, ಕಪ್ಪು ಕನ್ನಡಕ, ಸಾಲದ ರೇಟಿನ ಚೌಕಾಶಿ.
ನೆಲ ಒದ್ದೆ ಎಂದು ಶೂ ಬಿಚ್ಚಿ
ಪ್ಯಾಂಟು ಮಡಚಿದ.
ತಾರಾನಾಥನ ಪೆನ್ನು ಬಿಲ್ಲಿನ ಮೇಲೆ ನಿಂತಿತು.
ಎಡಗಾಲು. ಪಕ್ಕದ ಬೆರಳನ್ನು ಹತ್ತಿ ಕೂತ ಕಿರುಬೆರಳು.

ಕೋಟೇಶ್ವರ, ಸೆಮಿಫೈನಲ್, ಎಂದ ಮೆಲ್ಲಗೆ,
ಮಳೆ ಬಂದು ಮ್ಯಾಟು ಒರೆಸಿ ಆಡಿದ್ದು.
ಬೋನಸ್ಸಿಗೆ ಎಡಗಾಲು ಚಾಚಿದ್ದೆ ನೀನು.

ಹೋಟೆಲಿನವ ಕನ್ನಡಕ ತೆಗೆದು
ತಾರಾನಾಥನ ಮುಖವನ್ನು ಬಹಳ ಹೊತ್ತು ನೋಡಿದ.
ಗುರುತು ಸಿಗಲಿಲ್ಲ, ಖಂಡಿತ ಸಿಗಲಿಲ್ಲ.
ಆದರೆ ಆ ಎಡಗಾಲು
ಅವನನ್ನು ಕೇಳದೆ, ತನ್ನಷ್ಟಕ್ಕೆ,
ಒಂದು ಹೆಜ್ಜೆ ಹಿಂದೆ ಸರಿಯಿತು.