ಮೂರನೇ ಹಳಿಯ ಟ್ಯಾಂಕರು

ನನ್ನದು ಸುತ್ತಿಗೆಯ ಕೆಲಸ.
ಸಕ್ಸೌಲ್ ನಿಲ್ದಾಣದಲ್ಲಿ ನಿಂತ ಗಾಡಿಯ
ಒಂದೊಂದು ಗಾಲಿಗೂ ಒಂದೊಂದು ಪೆಟ್ಟು.
ಗಟ್ಟಿಯಿದ್ದದ್ದು ಠಣ್ಣೆನ್ನುತ್ತದೆ;
ಒಳಗೊಳಗೇ ಬಿರುಕು ಬಿಟ್ಟದ್ದು
ನೆಗಡಿಯಾದವನ ಹಾಗೆ ಗೊಣಗುತ್ತದೆ.

ಮೂರನೇ ಹಳಿಯ ತುದಿಗೆ, ಮುಳ್ಳುಪೊದೆಗಳ ನಡುವೆ,
ಒಂದು ಖಾಲಿ ಟ್ಯಾಂಕರು.
ಕಡಲು ಹಿಂದೆ ಸರಿದ ವರ್ಷಗಳಲ್ಲಿ
ಅರಾಲಿಗೆ ಸಿಹಿನೀರು ಹೊತ್ತದ್ದು.
ಹೊಟ್ಟೆಯ ಮೇಲೆ ಬಿಳಿ ಬಣ್ಣದಲ್ಲಿ
ಏಳು ಕೋಟಿ ಮೂವತ್ತೊಂಬತ್ತು ಲಕ್ಷ
ಮೂವತ್ತೊಂಬತ್ತು ಸಾವಿರದ ನೂರ ಮೂವತ್ತಮೂರು.

ರಾತ್ರಿ ಪಾಳಿ ಉದ್ದ, ಗಾಡಿ ಎರಡೇ.
ಸಿಗ್ನಲ್ ಕೋಣೆಯ ಕುಲ್ಯಾಶ್
ಚಹಾಕ್ಕೆ ಒಂಟೆಹಾಲು ಬೆರೆಸುತ್ತ ಕೇಳಿದಳು:
ಗಾಲಿಗೆ ಹೊಡೆಯುತ್ತೀ ಸರಿ,
ಅಂಕಿಗೊಂದು ಹೊಡೆದು ನೋಡಿದ್ದೀಯಾ?

ಸರಕುಪಟ್ಟಿಯ ಬೆನ್ನಿಗೆ ಶುರುಮಾಡಿದೆವು.
ಎರಡರಿಂದ ಒಂದು ಪೆಟ್ಟು, ಮೂರರಿಂದ ಒಂದು,
ಐದು, ಏಳು, ಹನ್ನೊಂದು, ಹದಿಮೂರು.
ಪ್ರತಿ ಸಲವೂ ಏನೋ ಒಂದು ಚೂರು ಶೇಷ.
ಎಂಟು ಸಾವಿರದ ಆರುನೂರರ ಹತ್ತಿರ ಬಂದರೆ ಸಾಕು,
ಆಚೆಗೆ ಹೊಡೆಯಬೇಕಿಲ್ಲ ಅಂದಳು.
ಯಾಕೆಂದು ತಿಳಿಯಲಿಲ್ಲ, ನಂಬಿದೆ.
ಸಾವಿರಕ್ಕೂ ಮಿಕ್ಕ ಪೆಟ್ಟು, ಒಂದಿಡೀ ಚಳಿಗಾಲ.
ಒಡೆಯಲಿಲ್ಲ.
ಠಣ್.

ಮಾರ್ಚಿನ ಉಪ್ಪುಗಾಳಿ
ಬಲತುದಿಯ ಮೂರನ್ನು ಕಿತ್ತುಕೊಂಡು ಹೋಯಿತು.
ಉಳಿದದ್ದಕ್ಕೆ ಮತ್ತೆ ಹೊಡೆದೆವು: ೭೩೯೩೯೧೩.
ಅದೂ ಒಡೆಯಲಿಲ್ಲ.
ಗಾಳಿಗೆ ಕಾಯುವ ತಾಳ್ಮೆ ಕುಲ್ಯಾಶಳಿಗೆಲ್ಲಿಂದ?
ಕಾಗದದ ಮೇಲೆ ಹೆಬ್ಬೆರಳಿಟ್ಟು
ಬಲದಿಂದ ಒಂದೊಂದೇ ಮುಚ್ಚುತ್ತ ಹೋದಳು.
೭೩೯೩೯೧
೭೩೯೩೯
೭೩೯೩, ಇಲ್ಲಿ ಚಹಾ ಆರಿತು,
೭೩೯
೭೩
ಎಲ್ಲವೂ ಗಟ್ಟಿ, ಎಲ್ಲವೂ ಠಣ್.
ಕೊನೆಗುಳಿದ ಏಳಕ್ಕೆ ಹೊಡೆಯಲು
ಯಾಕೋ ಕೈ ಬರಲಿಲ್ಲ.

ಹಾಗಾದರೆ ಬಲಕ್ಕೆ ಇನ್ನೊಂದನ್ನು ಕೂಡಿಸೋಣ ಅಂದೆ, ದುರಾಸೆಯಿಂದ.
ಸೊನ್ನೆಯಿಂದ ಒಂಬತ್ತರ ತನಕ
ಯಾವುದನ್ನಿಟ್ಟರೂ ಬಿರುಕು.
ಬೆಳೆಯುವುದು ಅಲ್ಲಿಗೇ ಮುಗಿದಿದೆ ಇದಕ್ಕೆ;
ಕಳೆದುಕೊಳ್ಳುವುದೊಂದು ಚೆನ್ನಾಗಿ ಬರುತ್ತದೆ.

ಮೇ ತಿಂಗಳಲ್ಲಿ ಕಿಜಿಲೊರ್ದಾದಿಂದ ಸಾಹೇಬ ಬಂದ,
ಕಂಕುಳಲ್ಲಿ ದಫ್ತರ.
ದಫ್ತರದಲ್ಲಿ ಕೊನೆಯ ಅಂಕಿ ನಾಲ್ಕು!
ಕೊನೆಯದು ಕಾವಲಿನ ಅಂಕಿಯಂತೆ,
ಮುಂದಿನ ಏಳರ ಲೆಕ್ಕ ತಾಳೆ ನೋಡುವುದಕ್ಕೆ.
ಬಣ್ಣದ ಮುದುಕ ಝಾಕ್ಸಿಲಿಕನನ್ನು ಕರೆಸಿದರು.
ತಲೆ ಕೆರೆದುಕೊಂಡ: ನಾಲ್ಕರ ಅಚ್ಚು ಕಳೆದಿತ್ತು,
ಗಾಡಿ ಹೊರಟಿತ್ತು, ಕೈಯಲ್ಲಿ ಮೂರಿತ್ತು, ಒತ್ತಿದೆ.

ಕುಲ್ಯಾಶ್ ನನ್ನ ಕಡೆ ನೋಡಿದಳು.
ನಾಲ್ಕಿದ್ದಿದ್ದರೆ ಮೊದಲ ಪೆಟ್ಟಿಗೇ
ಸರಿಯಾಗಿ ಎರಡು ಹೋಳು.

ತಿದ್ದಲು ಹೋದ ಸಾಹೇಬನಿಗೆ
ಆ ಜಾಗದಲ್ಲಿ ತುಕ್ಕು ಮಾತ್ರ ಸಿಕ್ಕಿತು.
ನಾಳೆ ನಾಲ್ಕು ಬರೆಸಿ ಎಂದು ಸಹಿ ಹಾಕಿ
ಸಂಜೆಯ ಗಾಡಿ ಹತ್ತಿದ.

ಅವತ್ತೇ ರಾತ್ರಿ ಡಬ್ಬಿ, ಕುಂಚ ತಂದೆ.
ಕುಲ್ಯಾಶ್ ಟಾರ್ಚು ಹಿಡಿದಳು.
ಹಳೇ ತಪ್ಪನ್ನೇ ಮತ್ತೊಮ್ಮೆ ಬರೆದೆ,
ಅಚ್ಚಿಲ್ಲದೆ, ಸ್ವಲ್ಪ ಸೊಟ್ಟಗೆ.