ಒಂದು ಗೀಟು, ಎರಡು ಗೀಟು

ಈರಕ್ಯಾತಯ್ಯನಿಗೆ ಕಿವಿ ಕೇಳದು.
ಚೇಳೂರು ಸಂತೆಯಲ್ಲಿ ಹಲಸು ತಟ್ಟುವವನು ಅವನೇ.

ಬೇರೆಯವರು ಕಾಯಿಗೆ ಕಿವಿ ಇಟ್ಟು
ಟಣ್ ಎಂದರೆ ಎಳಸು, ದಬ್ ಎಂದರೆ ಹಣ್ಣು ಎಂದು
ಜಗಳವಾಡುವ ಹೊತ್ತಿಗೆ
ಇವನು ಬಲಗೈ ಗೆಣ್ಣಿನಿಂದ ಒಮ್ಮೆ ಬಡಿದು
ಎಡ ಅಂಗೈಯನ್ನು ಆಚೆ ಬದಿಗೆ ಒತ್ತಿ
ಕಣ್ಣು ಮುಚ್ಚುತ್ತಾನೆ,
ಜ್ವರದ ಮಗುವಿನ ಹಣೆ ನೋಡುವ ಹಾಗೆ.
ಆಮೇಲೆ ಸೀಮೆಸುಣ್ಣ.
ಒಂದು ಗೀಟು: ನಾಳೆ ಕುಯ್ಯಿ.
ಎರಡು: ನಾಡಿದ್ದು.
ಗೀಟಿಲ್ಲದ್ದು ಪಲ್ಯಕ್ಕೆ.
ಸೊನ್ನೆ ಹಾಕಿದರೆ ಒಳಗೆ ಕೊಳೆತಿದೆ,
ದುಡ್ಡು ಕೊಡಬೇಡ.

ನಾನು ಅವನ ತಂಗಿಯ ಮಗಳು.
ಹರಳೆಣ್ಣೆ ಬಾಟಲಿ, ಅಂಟು ಒರೆಸುವ ಬಟ್ಟೆ, ಲೆಕ್ಕದ ಚೀಟಿ ನನ್ನ ಪಾಲು.
ಹನ್ನೊಂದು ಬೇಸಿಗೆಯಲ್ಲಿ ಅವನ ಸೊನ್ನೆ ತಪ್ಪಿದ್ದು
ನಾನು ಕಾಣೆ.

ಆ ವರ್ಷ ಕರಿಬಸಣ್ಣ ಬದುವಿನ ಮರವನ್ನು
ಗುಬ್ಬಿಯ ಸಾಮಿಲ್ಲಿಗೆ ಮಾತಾಡಿದ್ದ.
ಕೆಂಪು ತೊಳೆಯ ಮರ. ಬಿಡಿಸಿದರೆ
ಹುಣಸೆಹುಳಿಯಲ್ಲಿ ಆಗಷ್ಟೇ ತಿಕ್ಕಿದ ತಾಮ್ರದ ಚೆಂಬಿನ ಬಣ್ಣ.
ಅಪ್ಪಿದರೆ ನನ್ನ ಕೈಗಳೆರಡು ಅತ್ತ ಸೇರವು.
ಮೃದಂಗಕ್ಕೂ ಆದೀತು, ಬಾಗಿಲಿಗೂ ಆದೀತು ಎಂದ ಸಾಮಿಲ್ಲಿನವನು,
ನಲವತ್ತು ಸಾವಿರ ಎಂದ,
ಒಳಗೆ ಗಟ್ಟಿಯಿದ್ದರೆ ಎಂದ.
ಕರೆಸಿದರು ಮಾವನನ್ನು.

ಬುಡಕ್ಕೆ ಬಡಿದ. ಸೊಂಟದೆತ್ತರಕ್ಕೆ ಬಡಿದ.
ಅಂಗೈ ಒತ್ತಿ ನಿಂತ. ಅಷ್ಟು ಹೊತ್ತು ಎಂದೂ ನಿಂತವನಲ್ಲ.
ಮೇಲೆ ಅಳಿಲೊಂದು ಹಣ್ಣು ಕೊರೆದು
ಒಳಗೆ ತಲೆ ಹಾಕಿತ್ತು, ಬಾಲ ಮಾತ್ರ ಹೊರಗೆ.
ಮಾವ ಅದನ್ನೂ ನೋಡಿದ.
ಜೇಬಿನಿಂದ ಸೀಮೆಸುಣ್ಣ ತೆಗೆದು
ತೊಗಟೆಯ ಮೇಲೆ ಬರೆದ
ತಟ್ಟೆಯಗಲದ ಸೊನ್ನೆ.

ಸಾಮಿಲ್ಲಿನವನು ಬೈಕು ಒದ್ದು ಹೋದ.
ಉಳಿದವರು ಬೀಡಿ ಸೇದಲು ಆಚೆ ಹೋದಾಗ
ನಾನು ಕಿವಿ ಇಟ್ಟು ತಟ್ಟಿದೆ.
ಕಲ್ಲು. ಬಂಡೆಗಲ್ಲು.
ತಿರುಗಿದರೆ ಮಾವ
ಕೈಗೆ ಹತ್ತದ ಅಂಟನ್ನು
ಎಣ್ಣೆ ಹಚ್ಚಿ ಹಚ್ಚಿ ಒರೆಸಿಕೊಳ್ಳುತ್ತಿದ್ದ.

ಮರುವರ್ಷ ಸಂತೆಗೆ ಕರಿಬಸಣ್ಣ ತಾನೇ ಹೊತ್ತು ತಂದು
ಹದಿನೆಂಟು ಕೇಜಿಯ ಕಾಯೊಂದನ್ನು
ಇವನ ಗೋಣಿತಾಟಿನ ಮೇಲಿಟ್ಟ.
ಮಾವ ಬಡಿದ, ಒತ್ತಿದ, ಒಂದು ಗೀಟೆಳೆದ.
ಕರಿಬಸಣ್ಣ ಏಳಲಿಲ್ಲ.
ಕಾಯಿ ಸರಿ ಕಣಯ್ಯ,
ಆ ಮರ ನಿಜವಾಗ್ಲೂ ಪೊಳ್ಳೇನೋ? ಎಂದ.
ಮತ್ತೆ ಜೋರಾಗಿ, ಕಿವಿಯ ಹತ್ತಿರ ಬಾಗಿ ಎಂದ.
ಬೆಲ್ಲದಂಗಡಿಯವರೂ ತಿರುಗಿ ನೋಡಿದರು.

ಮಾವ ನನ್ನ ಕಡೆ ನೋಡಿ
ಏನಂತೆ? ಎಂದು ಹುಬ್ಬೇರಿಸಿದ.

ಬೆಲೆ ಕೇಳ್ತಾ ಅವ್ರೆ
ಎಂದು ಕೈಸನ್ನೆ ಮಾಡಿದೆ.